ಅನಾನುಕೂಲಕ್ಕೆ ವಿಷಾದಿಸುತ್ತೇವೆ

ಹಾಲಿನ ಗ್ಲಾಸು ಉರುಳಿದ ಸದ್ದು ಕೇಳಿ ಸೌಟು ಹಿಡಿದುಕೊಂಡೇ ಪಡಸಾಲೆಗೆ ಬಂದೆ. ನೆಲದ ಫರ್ಸಿ ಕಲ್ಲಿನ ಸಂದಿಗುಂಟ ಹಾಲು ನೆಟ್ಟಗೆ ಹರಿದು, ಮೂಲೆ ಸಿಕ್ಕಲ್ಲಿ ತಿರುಗಿ, ಇನ್ನೊಂದು ಸಂದಿ ಹಿಡಿದಿತ್ತು. ಆಗ ಆರು ವರ್ಷದವನಾಗಿದ್ದ ನನ್ನ ಮಗ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ನನ್ನ ಮುಖ ನೋಡಲಿಲ್ಲ. ಹರಿಯುವ ಹಾಲನ್ನೇ ನೋಡುತ್ತ, ತನ್ನದಲ್ಲದ ಒಂದು ಹೆಣ್ಣು ದನಿಯಲ್ಲಿ, ಅಕ್ಷರ ಅಕ್ಷರ ಬಿಡಿಸಿ ಹೇಳಿದ: “ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.”

ವಾಡಿಯವರಿಗೆ ಆ ದನಿ ಯಾರದೆಂದು ಹೇಳಬೇಕಿಲ್ಲ. ಗಾಡಿ ತಡವಾದಾಗಲೆಲ್ಲ ಜಂಕ್ಷನ್ನಿನ ಮೈಕಿನಲ್ಲಿ ಬರುವ ದನಿ ಅದು. ಅಲ್ಲಿಯವರೆಗೆ ಎರಡು ಪದ ಸೇರಿಸಿ ಆಡದ ಹುಡುಗ, ಹೈಸ್ಕೂಲು ಮಕ್ಕಳಿಗೂ ತೊಡರುವ ಮೂರು ಪದಗಳ ವಾಕ್ಯವನ್ನು ಒಂದೂ ತಪ್ಪಿಲ್ಲದೆ ಹೇಳಿದ್ದ, ಅದೂ ಹೇಳಬೇಕಾದ ಹೊತ್ತಿಗೆ ಸರಿಯಾಗಿ. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವನವರು ಒಳಗಿನಿಂದ ಬಂದರು. “ಏನಾತವ್ವ?” ಹೇಳಿದೆ. ಅವರೂ ನಕ್ಕರು. ಆಮೇಲೆ ಇದ್ದಕ್ಕಿದ್ದಂತೆ ಮುಖ ಬಿಗಿ ಮಾಡಿಕೊಂಡು, “ಇದಕ್ಕ ನಗಬೇಕೋ, ನಗಬಾರ್ದೋ?” ಎಂದರು.

ಮಾವನವರ ಪ್ರಶ್ನೆ ಸಣ್ಣದಲ್ಲ. ಈ ಅಧ್ಯಾಯ ಬರೆಯುತ್ತಿರುವುದೇ ಅದಕ್ಕಾಗಿ.

ನಮ್ಮ ಸಂಸಾರ ಐದು ಊರುಗಳಲ್ಲಿ ಹಂಚಿಹೋಗಿದೆ. ಮನೆ ವಾಡಿಯಲ್ಲಿ. ನಾನು ವಿಜ್ಞಾನ ಕಲಿಸುವ ಹೈಸ್ಕೂಲು ಚಿತ್ತಾಪುರದಲ್ಲಿ. ಯಜಮಾನರ ಫರ್ಸಿ ವ್ಯಾಪಾರ ಶಹಾಬಾದಿನಲ್ಲಿ. ನಾದಿನಿಯನ್ನು ಸೇಡಂಗೆ ಕೊಟ್ಟಿದೆ. ನನ್ನ ತವರು ಚಿಂಚೋಳಿ. ಮೊದಲ ನಾಲ್ಕು ಊರಿಗೆ ರೈಲಿದೆ, ಐದನೆಯದಕ್ಕಿಲ್ಲ. ಈ ಕೊರತೆ ಭಾರತೀಯ ರೈಲ್ವೆಯನ್ನು ಎಷ್ಟು ಕಾಡಿದೆಯೋ ಕಾಣೆ, ನಮ್ಮ ಮನೆಯನ್ನಂತೂ ಬಹಳ ಕಾಡಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮಗನಿಗೆ ಒಂದೂವರೆ ವರ್ಷವಾದಾಗ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ದೂರದಲ್ಲಿ ಗೂಡ್ಸ್ ಗಾಡಿ ಬ್ರೇಕು ಹಾಕಿದರೆ ತಿರುಗುತ್ತಿದ್ದ. ಕಿವಿ ಸರಿಯಿದೆ ಎಂದು ನಮಗೆ ಖಾತ್ರಿಯಾದದ್ದು ಹಾಗೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ, ನನ್ನ ಮುಂಗೈ ಹಿಡಿದು ಎಳೆದೊಯ್ದು ಡಬ್ಬಿಯ ಮೇಲೆ ಇಡುತ್ತಿದ್ದ. ಓಣಿಯವರು ಬಜೆ ಬೇರು ತೇಯ್ದು ನಾಲಗೆಗೆ ಹಚ್ಚಿರೆಂದರು, ಹಚ್ಚಿದೆವು. “ಅವರಪ್ಪನೂ ತಡಾನೇ ಮಾತಾಡ್ಯಾನ” ಎಂದರು ಅತ್ತೆ. ಒಬ್ಬ ವೈದ್ಯರು ಗಂಡುಮಕ್ಕಳಿಗೆ ಮಾತು ತಡ, ಸುಮ್ಮನೆ ಕಾಯಿರಿ ಎಂದರು. ಒಂದೂವರೆ ವರ್ಷ ಕಾದೆವು. ಆ ಒಂದೂವರೆ ವರ್ಷ ನೆನೆದರೆ ನನಗೆ ಇವತ್ತಿಗೂ ನಗು ಬರುವುದಿಲ್ಲ.

ಕೊನೆಗೆ ಸಿಕ್ಕ ಹೆಸರು ಆಟಿಸಂ. ಪುಸ್ತಕದ ಕನ್ನಡದಲ್ಲಿ ಸ್ವಲೀನತೆ. ತನ್ನಲ್ಲೇ ಲೀನನಾದವನು ಎಂದರೆ ಯಾರೋ ತಪಸ್ವಿಯ ವರ್ಣನೆ ಇದ್ದಂತಿದೆ. ನಮ್ಮ ಹುಡುಗ ಲೀನನಾಗಿರುವುದು ತನ್ನಲ್ಲಲ್ಲ, ಫ್ಯಾನಿನಲ್ಲಿ, ಚಕ್ರದಲ್ಲಿ, ಗಾಡಿಯ ಡಬ್ಬಿಗಳ ಲೆಕ್ಕದಲ್ಲಿ. ಆದ್ದರಿಂದ ನಾನು ಆಟಿಸಂ ಎಂದೇ ಬರೆಯುತ್ತೇನೆ. ಇದು ಅಂಟುರೋಗವಲ್ಲ, ಹುಚ್ಚಲ್ಲ. ಹುಟ್ಟುವ ಮೊದಲಿನಿಂದಲೇ ಮಿದುಳು ಬೇರೊಂದು ರೀತಿಯಲ್ಲಿ ಬೆಳೆಯುವ ಸ್ಥಿತಿ. ವೈದ್ಯರು ಮುಖ್ಯವಾಗಿ ಎರಡನ್ನು ನೋಡುತ್ತಾರೆ: ಜನರ ಜೊತೆಗಿನ ಕೊಡುಕೊಳ್ಳುವಿಕೆಯಲ್ಲಿ ತೊಡಕು, ಮತ್ತು ಮಾಡಿದ್ದನ್ನೇ ಮಾಡುವ, ಇದ್ದದ್ದು ಇದ್ದಂತೇ ಇರಬೇಕೆನ್ನುವ ಹಟ. ಸದ್ದು, ಬೆಳಕು, ಸ್ಪರ್ಶ ಅತಿಯಾಗಿಯೋ ಅತಿ ಕಡಿಮೆಯಾಗಿಯೋ ತಾಗುವುದನ್ನು 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಈ ಎರಡನೆಯದರೊಳಗೆ ಸೇರಿಸಿತು. ಜಗತ್ತಿನಲ್ಲಿ ಸುಮಾರು ನೂರು ಮಕ್ಕಳಿಗೆ ಒಬ್ಬರೆಂಬುದು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲ ಹೇಳುತ್ತ ಬಂದ ಅಂದಾಜು. ಹಾಗಾದರೆ 400 ಮಕ್ಕಳ ಶಾಲೆಯಲ್ಲಿ ನಾಲ್ವರಿರಬೇಕು. ನಮ್ಮ ಭಾಗದ ಹಾಜರಿ ಪುಸ್ತಕಗಳಲ್ಲಿ ಹುಡುಕಿ ನೋಡಿ. ಒಂದೋ ಅವರು ‘ದಡ್ಡ’ ಎಂಬ ಹೆಸರಿನಲ್ಲಿ ಕೊನೆಯ ಬೆಂಚಿನಲ್ಲಿರುತ್ತಾರೆ, ಇಲ್ಲವೇ ಶಾಲೆಗೇ ಬಂದಿರುವುದಿಲ್ಲ.

ಹಾಲಿಗೆ ಮರಳೋಣ.

ಕೇಳಿದ ಮಾತನ್ನು ಹಾಗೆಹಾಗೇ ತಿರುಗಿ ಹೇಳುವುದಕ್ಕೆ ಎಕೊಲಾಲಿಯ ಎನ್ನುತ್ತಾರೆ. ಬಹಳ ವರ್ಷ ಇದನ್ನು ಅರ್ಥವಿಲ್ಲದ ಗಿಳಿಪಾಠವೆಂದು ಬಗೆದು, ಬಿಡಿಸಬೇಕಾದ ಚಟವೆಂದು ಮಕ್ಕಳ ಬಾಯಿ ಮುಚ್ಚಿಸುತ್ತಿದ್ದರು. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಮನೋವೈದ್ಯ ಲಿಯೊ ಕ್ಯಾನರ್ 11 ಮಕ್ಕಳ ವಿವರ ಬರೆದು ಆಟಿಸಂಗೆ ಮೊದಲ ಸ್ಪಷ್ಟ ಚಿತ್ರ ಕೊಟ್ಟ. ಮೂರು ವರ್ಷದ ನಂತರ ಅವನೇ ಇನ್ನೊಂದು ಲೇಖನದಲ್ಲಿ ಒಬ್ಬ ಹುಡುಗನ ಕಥೆ ಹೇಳಿದ್ದಾನೆ. ಆ ಹುಡುಗ ಬಾಣಲೆಯಂಥ ಪಾತ್ರೆ ಕಂಡಾಗಲೆಲ್ಲ ಒಂದು ಶಿಶುಗೀತೆಯ ತುಣುಕು ಹೇಳುತ್ತಿದ್ದ. ಕೇಳಿದವರಿಗೆ ಬುಡವೂ ಇಲ್ಲ ತುದಿಯೂ ಇಲ್ಲ. ತಾಯಿಯನ್ನು ವಿಚಾರಿಸಿದಾಗ ಗುಟ್ಟು ಬಿಚ್ಚಿತು: ಅವನು ಎರಡು ವರ್ಷದವನಿದ್ದಾಗ ಆಕೆ ಆ ಗೀತೆ ಹೇಳುತ್ತಲೇ ಕೈಯಿಂದ ಪಾತ್ರೆ ಬೀಳಿಸಿದ್ದಳು. ಹಾಡು ಮತ್ತು ಪಾತ್ರೆ ಅವನ ತಲೆಯಲ್ಲಿ ಅಂದೇ ಬೆಸೆದುಹೋದವು. ಮಾತಿಗೆ ಅರ್ಥವಿತ್ತು, ಆದರೆ ಅದರ ಬೀಗದ ಕೈ ಅಮ್ಮನ ನೆನಪಿನಲ್ಲಿತ್ತು. 1981ರಲ್ಲಿ ಬ್ಯಾರಿ ಪ್ರಿಜೆಂಟ್ ಮತ್ತು ಜೂಡಿತ್ ಡೂಶನ್ ಇಂಥ ಮಕ್ಕಳ ಪ್ರತಿಧ್ವನಿ ಮಾತುಗಳನ್ನು ವಿಡಿಯೊದಲ್ಲಿ ಹಿಡಿದು ಪರೀಕ್ಷಿಸಿ, ಅವು ಏಳು ಬಗೆಯ ಕೆಲಸಕ್ಕೆ ಬರುತ್ತವೆ ಎಂದು ತೋರಿಸಿದರು: ಮಾತಿನ ಸರದಿ ಕಾಯ್ದುಕೊಳ್ಳಲು, ಕೇಳಲು, ಒಪ್ಪಲು, ತನ್ನನ್ನೇ ತಾನು ಸಂಭಾಳಿಸಿಕೊಳ್ಳಲು, ಹೀಗೆ.

ಶಹಾಬಾದಿನ ಖಣಿ ಕಂಡವರಿಗೆ ಇದನ್ನು ತಿಳಿಸುವುದು ಸುಲಭ. ನಮ್ಮ ಸುಣ್ಣದ ಕಲ್ಲು ಪದರ ಪದರವಾಗಿ ಮಲಗಿರುತ್ತದೆ. ಹಾರೆ ಹಾಕಿ ಮೀಟಿದರೆ ಇಡೀ ಹಾಸು ಮೇಲೇಳುತ್ತದೆ. ಬೇಕಾದ ಅಳತೆಗೆ ಕೊಯ್ಯುವುದು ಆಮೇಲೆ. ಸಾಮಾನ್ಯ ಮಕ್ಕಳು ಮಾತಿನ ಮನೆಯನ್ನು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಕಟ್ಟಿದರೆ, ನಮ್ಮ ಹುಡುಗನಂಥವರು ಹಾಸು ಹಾಸನ್ನೇ ಎತ್ತಿ ತರುತ್ತಾರೆ. ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಅವನಿಗೆ ಮೂರು ಪದಗಳಲ್ಲ, ಒಂದೇ ಹಾಸು. ಏನೋ ಕೆಟ್ಟಿದೆ, ದೊಡ್ಡವರು ಸಿಟ್ಟಾಗಿದ್ದಾರೆ, ಆಗ ಹೇಳುವ ಮಾತು ಇದು. ಸ್ಟೇಷನ್ನಿನಲ್ಲಿ ಅವನು ಕಂಡುಕೊಂಡ ನಿಯಮ ಅದು, ಮತ್ತು ನಿಯಮ ಸರಿಯಾಗಿಯೇ ಇದೆ.

ಸರ್ವನಾಮದ ಕಥೆಯೂ ಇಂಥದೇ. ಕ್ಯಾನರನ ಮಕ್ಕಳು ‘ನಾನು’ ಎನ್ನಬೇಕಾದಲ್ಲಿ ‘ನೀನು’ ಎನ್ನುತ್ತಿದ್ದರು. ನಮ್ಮವನು ಬಾಯಾರಿದಾಗ ನನ್ನ ಹತ್ತಿರ ಬಂದು “ನಿನಗ ನೀರು ಬೇಕೇನು?” ಎನ್ನುತ್ತಿದ್ದ. ನೀರು ಬರುವ ಮೊದಲು ಪ್ರತಿ ಸಲ ಕಿವಿಗೆ ಬೀಳುವ ಮಾತು ಅದೇ ಅಲ್ಲವೆ? ಕನ್ನಡದಲ್ಲಂತೂ ‘ನಾನು-ನೀನು’ ಕಲಿತರೆ ಸಾಲದು, ಬಾಲವೂ ಬದಲಾಗಬೇಕು: ಉಂಡೆ, ಉಂಡಿ, ಉಂಡ, ಉಂಡಳು, ಉಂಡರು. ಹೇಳುವವರು ಯಾರು, ಕೇಳುವವರು ಯಾರು, ಉಂಡವರು ದೊಡ್ಡವರೋ ಸಣ್ಣವರೋ ಎಂದು ತೀರ್ಮಾನಿಸದೆ ನಮ್ಮ ಭಾಷೆಯಲ್ಲಿ ಒಂದು ತುತ್ತು ಉಂಡದ್ದನ್ನೂ ಹೇಳಲಾಗದು. ಎಂಟನೆಯ ವರ್ಷದವರೆಗೆ ಅವನು ತನ್ನ ಅಪ್ಪನನ್ನು ಕರೆದದ್ದು “ಏನ್ರೀ” ಎಂದು. ನಾನು ಕರೆಯುವುದು ಹಾಗೆ, ಆದ್ದರಿಂದ ಆ ಮನುಷ್ಯನ ಹೆಸರು ಏನ್ರೀ. ಒಂದು ದಿನ ಶಹಾಬಾದಿನ ಅಂಗಡಿಯಲ್ಲಿ ನಾಲ್ಕು ಮಂದಿ ಗಿರಾಕಿಗಳ ಮುಂದೆ “ಏನ್ರೀ, ಚಹಾ ಆರ್ಲಕತ್ತದ, ಬರ್ರಿ” ಎಂದು ನನ್ನದೇ ಗದರುವ ರಾಗದಲ್ಲಿ ಹೇಳಿದ. ಯಜಮಾನರು ಆ ದಿನ ಕಲ್ಲಿಗೆ ಹೇಳಿದ ದರದಲ್ಲಿ ಚೌಕಾಸಿಗೆ ನಿಲ್ಲಲಿಲ್ಲವಂತೆ.

ಪದವನ್ನು ಅದರ ಒಂದೇ ಅರ್ಥಕ್ಕೆ ಕಟ್ಟಿಹಾಕುವುದು ಈ ಮಕ್ಕಳ ಇನ್ನೊಂದು ಗುಣ. ಕ್ಯಾನರನ 11 ಮಕ್ಕಳಲ್ಲಿ ಜಾನ್ ಎಂಬವನಿದ್ದ. ಮನೆಯ ಗೋಡೆ ಮೇಲಿನ ಚಿತ್ರಗಳ ಮಾತು ತಂದೆ ಎತ್ತಿದಾಗ ಅವನು ಕಸಿವಿಸಿಗೊಂಡ. ಅವನ ಲೆಕ್ಕದಲ್ಲಿ ಚಿತ್ರಗಳು ಇದ್ದದ್ದು ಗೋಡೆಯ ಹತ್ತಿರ. ಗೋಡೆಯ ಮೇಲೆ ಇರುವುದು ಛಾವಣಿ. ಈ ತಕರಾರು ಕನ್ನಡಕ್ಕೂ ಹಾಗೆಯೇ ಹೊಂದುವುದು ನೋಡಿ ನಾನು ದಂಗಾದೆ. ‘ಗ್ವಾಡಿ ಮ್ಯಾಲ ಫೋಟೊ ಅದ’ ಎಂದು ಎಷ್ಟು ತಲೆಮಾರಿನಿಂದ ಹೇಳುತ್ತಿದ್ದೇವೆ, ಯಾರಿಗೂ ಸಂಶಯ ಬಂದಿರಲಿಲ್ಲ.

ನಮ್ಮ ಕಡೆಯ ಕನ್ನಡದಲ್ಲಿ ‘ಹಚ್ಚು’ ಎಂಬ ಒಂದು ಕ್ರಿಯಾಪದವಿದೆ. ಅದು ಮಾಡದ ಕೆಲಸವಿಲ್ಲ. ದೀಪ ಹಚ್ಚುತ್ತೇವೆ, ಎಣ್ಣೆ ಹಚ್ಚುತ್ತೇವೆ, ಫ್ಯಾನು ಹಚ್ಚುತ್ತೇವೆ, ಮಕ್ಕಳನ್ನು ಸಾಲಿಗೆ ಹಚ್ಚುತ್ತೇವೆ, ಜಗಳ ಕೂಡ ಹಚ್ಚುತ್ತೇವೆ. ಅತ್ತೆ ಒಂದು ಭಾನುವಾರ ಅವನ ತಲೆಗೆ ಎಣ್ಣೆ ಹಚ್ಚಿ, ಬಟ್ಟಲನ್ನು ಅವನ ಕೈಗೆ ಕೊಟ್ಟು, “ಟಿ.ವಿ. ಹಚ್ಚಪ್ಪಾ, ಧಾರಾವಾಹಿ ಟೈಮ್ ಆತು” ಎಂದರು. ಹಚ್ಚಿದ. ಮೂಲೆ ಬಿಡದೆ, ಎರಡೂ ಅಂಗೈಯಿಂದ, ತಲೆಗೆ ಹಚ್ಚುವಷ್ಟೇ ನಿಗಾ ಇಟ್ಟು. ಅತ್ತೆ ಕಿರುಚಿದರು, ಅವನು ಬೆಚ್ಚಿ ಕಿವಿ ಮುಚ್ಚಿಕೊಂಡ, ನಾನು ಓಡಿ ಬಂದೆ. ಹತ್ತು ನಿಮಿಷವಾದ ಮೇಲೆ ಅತ್ತೆಯೇ, “ನಾ ಹೇಳಿದ್ದ ಮಾಡ್ಯಾನ ಬಿಡವ್ವ, ತಪ್ಪು ನಂದದ” ಎಂದು ನಗತೊಡಗಿದರು. ಆ ದಿನದಿಂದ ಅವರು ಟಿ.ವಿ.ಯನ್ನು ‘ಆನ್ ಮಾಡು’ ಎನ್ನುತ್ತಾರೆ. ಎಪ್ಪತ್ತು ದಾಟಿದ ಹೆಂಗಸು ಮೊಮ್ಮಗನಿಗಾಗಿ ತನ್ನ ಕ್ರಿಯಾಪದ ಬದಲಿಸಿಕೊಂಡರು. ಚಿಕಿತ್ಸೆ ಎಂದರೆ ಮಗು ಬದಲಾಗುವುದು ಮಾತ್ರ ಎಂದು ತಿಳಿದ ತಜ್ಞರಿಗಿಂತ ಅತ್ತೆಗೆ ಹೆಚ್ಚು ತಿಳಿದಿದೆ.

ಹಾಲಿನದು, ಟಿ.ವಿ.ಯದು, ಈ ಎರಡು ಘಟನೆಗಳಲ್ಲಿ ನಮಗೆ ನಗು ಬಂದದ್ದು ಯಾವಾಗ? ಅವನ ಲೆಕ್ಕ ನಮಗೆ ತಿಳಿದಾಗ. ತಿಳಿಯುವ ತನಕ ಅದು ರಂಪ, ತಿಳಿದ ಗಳಿಗೆಯಿಂದ ಹಾಸ್ಯ. 2010ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ಪೀಟರ್ ಮ್ಯಾಗ್ರಾ ಮತ್ತು ಕೇಲಬ್ ವಾರನ್ ನಗುವಿಗೆ ಒಂದು ಸರಳ ಸೂತ್ರ ಮುಂದಿಟ್ಟರು: ಏನೋ ಒಂದು ಕಟ್ಟುಪಾಡು ಮುರಿಯಬೇಕು, ಅದರಿಂದ ಅಪಾಯವಿಲ್ಲವೆಂಬುದು ಅದೇ ಹೊತ್ತಿಗೆ ಮನಸ್ಸಿಗೆ ಹೊಳೆಯಬೇಕು. ಎರಡರಲ್ಲಿ ಒಂದಿಲ್ಲದಿದ್ದರೆ ನಗು ಹುಟ್ಟುವುದಿಲ್ಲ. ಟಿ.ವಿ.ಗೆ ಎಣ್ಣೆ ಬಿದ್ದದ್ದು ಕಟ್ಟುಪಾಡು ಮುರಿದದ್ದು. ಹುಡುಗ ಹಟಮಾರಿಯಲ್ಲ, ವಿಧೇಯ ಎಂದು ಹೊಳೆದದ್ದು ಅಭಯ.

ಈ ಮಕ್ಕಳ ನಗು ಹೇಗೆ? ಆಟಿಸಂ ಇರುವ ಮಕ್ಕಳಿಗೆ ಹಾಸ್ಯಪ್ರಜ್ಞೆಯೇ ಇಲ್ಲವೆಂದು ಬಹುಕಾಲ ಬರೆದುಕೊಂಡು ಬಂದರು. 2002ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ವಾಸುದೇವಿ ರೆಡ್ಡಿ ಮತ್ತು ಜೊತೆಗಾರರು ಮನೆಗಳಿಗೇ ಹೋಗಿ, ಆಟಿಸಂ ಇರುವ ಪುಟ್ಟ ಮಕ್ಕಳನ್ನು ಡೌನ್ ಸಿಂಡ್ರೋಮ್ ಇರುವ ಮಕ್ಕಳೊಂದಿಗೆ ಹೋಲಿಸಿದರು. ನಗುವಿನ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ಹಂಚಿಕೆಯಲ್ಲಿ. ಯಾರೋ ಮುಖ ಸೊಟ್ಟ ಮಾಡಿದರೆ ಆಟಿಸಂ ಇರುವ ಮಕ್ಕಳು ಅಷ್ಟಾಗಿ ನಗುತ್ತಿರಲಿಲ್ಲ, ಇತರರು ನಕ್ಕಾಗ ಜೊತೆಗೂಡುವುದು ಕಡಿಮೆ, ಬೇರೆಯವರನ್ನು ನಗಿಸಲೆಂದು ಕೋಡಂಗಿಯಾಟ ಆಡುವುದು ಇನ್ನೂ ಕಡಿಮೆ.

2009ರಲ್ಲಿ ವಿಲಿಯಂ ಹ್ಯೂಡೆಂಕೊ ತಂಡ ನಗುವಿನ ಸದ್ದನ್ನೇ ಅಳೆಯಿತು. ನಾವು ನಗುವುದು ಎರಡು ಥರ. ಗಂಟಲು ತಂತಿ ಮಿಡಿದು ಬರುವ ‘ಹಹಹ’ ಒಂದು. ಮೂಗು-ಬಾಯಿಯಿಂದ ಬರೀ ಗಾಳಿ ಬಿಡುವ ‘ಹ್ಞ’ ಇನ್ನೊಂದು. ಎರಡನೆಯದು ಬಹುಪಾಲು ಸಭ್ಯತೆಯ ನಗು. ಹೆಡ್‌ಮಾಸ್ತರರ ಜೋಕಿಗೆ ನಾವು ನಗುತ್ತೇವಲ್ಲ, ಅದು. ಸಾಮಾನ್ಯ ಮಕ್ಕಳಲ್ಲಿ ಎರಡೂ ಸಿಕ್ಕವು. ಆಟಿಸಂ ಇರುವ ಮಕ್ಕಳಲ್ಲಿ ಸಿಕ್ಕದ್ದು ಹೆಚ್ಚುಕಡಿಮೆ ಮೊದಲನೆಯದೊಂದೇ. ಮುಂದೆ 2012ರಲ್ಲಿ, ಯಾರದೆಂದು ಹೇಳದೆ ಈ ನಗುಗಳನ್ನು ಕೇಳಿಸಿದಾಗ ಕೇಳುಗರಿಗೆ ಹೆಚ್ಚು ಹಿಡಿಸಿದ್ದು ಆಟಿಸಂ ಮಕ್ಕಳ ನಗುವೇ. ಅದರಲ್ಲಿ ಕಲಬೆರಕೆ ಇಲ್ಲ. ಸಂತೋಷವಾದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ.

ಕಲಬೆರಕೆ ಇಲ್ಲದ ನಗುವಿಗೆ ತೆರಿಗೆಯೂ ಇದೆ. ನಮ್ಮ ದೊಡ್ಡ ಮಾವ ತೀರಿಕೊಂಡಾಗ ಮಣ್ಣಿಗೆ ಹೋದೆವು. ಅಂಗಳ ತುಂಬ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ಅಳುವಿನ ಲಯ ಒಂದು ಹದಕ್ಕೆ ಬಂದಾಗ ನನ್ನ ಮಗ ಗಹಗಹಿಸಿ ನಕ್ಕ. ಗಲಿಬಿಲಿಯೂ ಈ ಮಕ್ಕಳಲ್ಲಿ ನಗುವಾಗಿ ಹೊರಬರುವುದುಂಟು ಎಂದು ಅಲ್ಲಿ ಯಾರಿಗೆ ವಿವರಿಸಲಿ? ಒಬ್ಬರು ಎದ್ದುನಿಂತು, ಮಗನಿಗೆ ಸಂಸ್ಕಾರ ಕಲಿಸದವಳು ಶಾಲೆಯಲ್ಲಿ ಏನು ಕಲಿಸುತ್ತಾಳೆ ಎಂದರು.

ತಾಯಿಯ ಮೇಲೆ ಹೊರೆ ಹಾಕುವ ಈ ಕೆಲಸ ನಮ್ಮೂರಿನದಷ್ಟೇ ಅಲ್ಲ. ಗ್ರಹಣದ ದಿನ ಹೊರಗೆ ಬಂದಳು, ನೌಕರಿ ಬಿಡಲಿಲ್ಲ, ಮೊಬೈಲು ಕೊಟ್ಟಳು: ಇವು ನನ್ನ ಮೇಲಿನ ಆರೋಪಪಟ್ಟಿ. ಇದಕ್ಕಿಂತ ದೊಡ್ಡ ಪಟ್ಟಿ ಅಮೆರಿಕದಲ್ಲಿ ತಯಾರಾಗಿತ್ತು. ಮಂಜುಗಡ್ಡೆಯಂಥ ತಾಯಂದಿರಿಂದ ಮಕ್ಕಳು ಹೀಗಾಗುತ್ತಾರೆ ಎಂಬ ಮಾತು ಅಲ್ಲಿ ದಶಕಗಟ್ಟಲೆ ವಿಜ್ಞಾನವೆಂದು ನಡೆಯಿತು. 1967ರಲ್ಲಿ ಬ್ರೂನೊ ಬೆಟೆಲ್‌ಹೈಮ್ ಅದನ್ನೇ ಹಿಗ್ಗಿಸಿ ದಪ್ಪ ಪುಸ್ತಕ ಬರೆದ. ಅದಕ್ಕೂ ಮೂರು ವರ್ಷ ಮೊದಲೇ, 1964ರಲ್ಲಿ, ಬರ್ನಾರ್ಡ್ ರಿಮ್ಲಂಡ್ ಎಂಬ ಮನೋವಿಜ್ಞಾನಿ ಈ ವಾದವನ್ನು ಬುಡಸಮೇತ ಕಿತ್ತುಹಾಕಿದ್ದ. ಅವನ ಮಗನಿಗೇ ಆಟಿಸಂ ಇತ್ತು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ ಬ್ರಿಟನ್ನಿನಲ್ಲಿ 21 ಜೋಡಿ ಅವಳಿಗಳನ್ನು ಪರೀಕ್ಷಿಸಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ; ಬೇರೆ ಬೇರೆ ಅಂಡದ 10 ಜೋಡಿಗಳಲ್ಲಿ ಒಂದರಲ್ಲೂ ಇಲ್ಲ. ಅಮ್ಮಂದಿರ ಪ್ರೀತಿಯ ಕೊರತೆ ಕಾರಣವಾಗಿದ್ದರೆ ಎರಡೂ ಗುಂಪು ಒಂದೇ ತೆರನಾಗಿರಬೇಕಿತ್ತು. ಬೇರು ಇರುವುದು ವಂಶವಾಹಿಗಳಲ್ಲಿ ಎಂಬುದನ್ನು ಆಮೇಲಿನ ದೊಡ್ಡ ಅಧ್ಯಯನಗಳು ಇನ್ನಷ್ಟು ಗಟ್ಟಿ ಮಾಡಿವೆ. ಲಸಿಕೆಯ ಪುಕಾರಂತೂ 12 ಮಕ್ಕಳ ಮೇಲೆ ಬರೆದ 1998ರ ಒಂದು ಲೇಖನದಿಂದ ಎದ್ದದ್ದು. ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು.

ಇನ್ನು ಬಲದ ಮಾತು. ‘ದೇವರು ಗಟ್ಟಿಯಿದ್ದವರಿಗೇ ಇಂಥ ಮಕ್ಕಳನ್ನು ಕೊಡುತ್ತಾನೆ’ ಎಂದು ಮನೆಗೆ ಬಂದವರು ಹೇಳುತ್ತಾರೆ. ಹೇಳಿ, ಚಹಾ ಕುಡಿದು, ತಮ್ಮ ಮನೆಗೆ ಹೋಗಿ ರಾತ್ರಿ ನಿದ್ದೆ ಮಾಡುತ್ತಾರೆ. 2010ರಲ್ಲಿ ವಿಸ್ಕಾನ್ಸಿನ್‌ನ ಮಾರ್ಷ ಸೆಲ್ಟ್ಸರ್ ತಂಡ ಆಟಿಸಂ ಇರುವ ಹದಿಹರೆಯದ ಮತ್ತು ದೊಡ್ಡ ಮಕ್ಕಳ ತಾಯಂದಿರ ಎಂಜಲು ಪರೀಕ್ಷಿಸಿತು. ಅದರಲ್ಲಿ ನೋಡಿದ್ದು ಒತ್ತಡದ ಹಾರ್ಮೋನು ಕಾರ್ಟಿಸಾಲ್. ಅದು ಏರಿರಬೇಕಿತ್ತು ತಾನೆ? ಇಲ್ಲ, ಇತರ ತಾಯಂದಿರಿಗಿಂತ ಇಳಿದಿತ್ತು. ದೀರ್ಘಕಾಲ ಯುದ್ಧರಂಗದಲ್ಲಿದ್ದ ಸೈನಿಕರಲ್ಲಿ ಕಾಣುವ ನಕ್ಷೆಗೆ ಅದು ಹೋಲುತ್ತಿತ್ತು. ಎಚ್ಚರದ ಗಂಟೆ ವರ್ಷಗಟ್ಟಲೆ ಬಾರಿಸಿ ಬಾರಿಸಿ ದನಿ ಕಳೆದುಕೊಂಡಿರುತ್ತದೆ. ಹೊರಗಿನವರು ಗಟ್ಟಿಗಿತ್ತಿ ಎನ್ನುವುದು ಕೆಲವು ಸಲ ಈ ದಣಿವನ್ನೇ.

ನಾದಿನಿಯ ಮನೆಯ ಮದುವೆ ಸೇಡಂನಲ್ಲಿ ನಡೆಯಿತು. ಬೀಗರು ಡಿ.ಜೆ. ತರಿಸಿದ್ದರು. ಖಣಿಯ ಸ್ಫೋಟ, ಸಿಮೆಂಟು ಕಾರ್ಖಾನೆಯ ಭೋಂಗಾ, ಇವುಗಳ ನಡುವೆ ಬೆಳೆದವನು ಅವನು, ಆದರೆ ಅವು ಗೊತ್ತಿದ್ದ ಹೊತ್ತಿಗೆ ಆಗುತ್ತವೆ. ಡಿ.ಜೆ.ಗೆ ಹೊತ್ತುಗೊತ್ತಿಲ್ಲ. ಅವನು ನೆಲಕ್ಕೆ ಬಿದ್ದು ಒದ್ದಾಡಿದ, ತನ್ನ ಮುಂಗೈ ತಾನೇ ಕಚ್ಚಿ ರಕ್ತ ತಂದುಕೊಂಡ. ಗಾಳಿ ಬಡಿದದ ಎಂದರು ಯಾರೋ. ಇನ್ಯಾರೋ ಮೊಬೈಲು ಎತ್ತಿ ಹಿಡಿದರು. ಆ ರಾತ್ರಿಯಲ್ಲಿ ಹಾಸ್ಯ ಒಂದಿಷ್ಟೂ ಇರಲಿಲ್ಲ, ಈಗ ಹುಡುಕಿದರೂ ಸಿಗುವುದಿಲ್ಲ. ಅದರಿಂದ ಹುಟ್ಟಿದ ಒಂದು ಕ್ರಮ ಮಾತ್ರ ಉಳಿಯಿತು: ಅಕ್ಷತೆ ಬೀಳುತ್ತಲೇ ಮೊದಲ ಪಂಕ್ತಿಗೆ ಕೂತು ಉಂಡು, ಸದ್ದು ಶುರುವಾಗುವ ಮೊದಲು ಗಾಡಿ ಹತ್ತುವುದು. ‘ವಾಡಿಯವರು ಬಂದ್ರು, ಎಲಿ ಹಾಕ್ರಿ’ ಎಂದು ಬಳಗದಲ್ಲಿ ಈಗ ನಾವೇ ಒಂದು ಗಾದೆ.

ಗೊತ್ತಿದ್ದ ಹೊತ್ತು ಎಂದೆ. ಅದು ಸಣ್ಣ ಸಂಗತಿಯಲ್ಲ. ಎಂ.ಐ.ಟಿ.ಯ ಪವನ್ ಸಿನ್ಹಾ ಮತ್ತು ಸಂಗಡಿಗರು 2014ರಲ್ಲಿ ಒಂದು ಊಹೆ ಮಂಡಿಸಿದರು: ಆಟಿಸಂ ಇರುವವರಿಗೆ ಮುಂದೇನಾಗುತ್ತದೆ ಎಂದು ಅಂದಾಜು ಕಟ್ಟುವುದು ಕಷ್ಟ, ಹೀಗಾಗಿ ಅವರಿಗೆ ಜಗತ್ತು ಕ್ಷಣಕ್ಷಣಕ್ಕೂ ಮಾಟದಂತೆ ಎರಗುತ್ತದೆ. ಇದು ಪೂರ್ತಿ ಸಿದ್ಧವಾದ ಮಾತಲ್ಲ. ಆದರೆ ವೇಳಾಪಟ್ಟಿ, ಹಳಿ, ಸಿಗ್ನಲ್ಲು, ಒಂದರ ಹಿಂದೊಂದು ಡಬ್ಬಿ, ಇವೆಲ್ಲ ಈ ಮಕ್ಕಳಿಗೆ ಯಾಕೆ ಇಷ್ಟ ಎಂದು ನನಗೆ ಅರ್ಥವಾದದ್ದು ಆ ಊಹೆಯಿಂದಲೇ.

ಈಗ ಚಿಂಚೋಳಿ. ತವರಿಗೆ ಹೋಗಬೇಕೆಂದರೆ ಅವನದು ಒಂದೇ ತಕರಾರು: “ಚಿಂಚೋಳಿ ಸ್ಟೇಷನ್ ಇಲ್ಲ.” ಇಲ್ಲದ ಸ್ಟೇಷನ್ನಿನಲ್ಲಿ ಇಳಿಯುವುದು ಹೇಗೆ? ಸೇಡಂನಲ್ಲಿ ಗಾಡಿ ಇಳಿದು ಬಸ್ಸು ಹತ್ತಿಸಿದರೆ ಊರು ಬಂದಾಗ ಇಳಿಯಲು ಒಪ್ಪುತ್ತಿರಲಿಲ್ಲ. ಎರಡು ವರ್ಷ ನನ್ನ ಅಪ್ಪ ಮೊಮ್ಮಗನ ಮುಖವನ್ನು ಫೋನಿನಲ್ಲಷ್ಟೇ ಕಂಡರು. ಮೂರನೆಯ ವರ್ಷ ಅವರು ಒಂದು ತಗಡಿಗೆ ಹಳದಿ ಬಣ್ಣ ಬಳಿದು, ಕಪ್ಪಿನಲ್ಲಿ ‘ಚಿಂಚೋಳಿ’ ಎಂದು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರೆದು, ಎರಡು ಕಂಬ ನೆಟ್ಟು ಮನೆಯ ಮುಂದೆ ನಿಲ್ಲಿಸಿದರು. ಹುಡುಗ ಅದರ ಮುಂದೆ ನಿಂತು ಬಹಳ ಹೊತ್ತು ನೋಡಿದ. ಬೆರಳಿನಿಂದ ಕೆಳಗಿನ ಖಾಲಿ ಜಾಗ ಸವರಿದ. ಒಳಗೆ ಬರಲಿಲ್ಲ. ಅಪ್ಪನಿಗೆ ಹೊಳೆಯಲಿಲ್ಲ, ನನಗೆ ಹೊಳೆಯಿತು: ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಎಂಬ ಸಾಲು ಇರಲಿಲ್ಲ. ನನ್ನ ತಮ್ಮ ಮೊಬೈಲಿನಲ್ಲಿ ನೋಡಿ ಅಂಕಿ ಹೇಳಿದ, ಅಪ್ಪ ಉಳಿದ ಬಣ್ಣದಲ್ಲಿ ಬರೆದರು. ಬಣ್ಣ ಆರುವ ಮೊದಲೇ ಮೊಮ್ಮಗ ಹೊಸ್ತಿಲು ದಾಟಿದ. ಬೋರ್ಡು ಈಗಲೂ ಅಲ್ಲೇ ಇದೆ. ಹೊಸಬರು ಒಬ್ಬಿಬ್ಬರು ಅಪ್ಪನಿಗೆ, ರೈಲು ಯಾವಾಗ ಬರ್ತದ್ರಿ ಎಂದು ಕೇಳಿದ್ದೂ ಉಂಟು. “ನನ್ನ ಮೊಮ್ಮಗ ಬಂದಾಗ” ಎನ್ನುತ್ತಾರೆ.

ಪಾಲಕರ ಬಲ ಎಂದರೆ ಇಂಥದು ಎಂದು ನನಗೆ ಅನ್ನಿಸುತ್ತದೆ. ಎದೆ ಕಲ್ಲು ಮಾಡಿಕೊಳ್ಳುವುದಲ್ಲ. ಎದೆ ಕಲ್ಲು ಮಾಡಿಕೊಂಡವರಿಗೆ ತಗಡಿಗೆ ಬಣ್ಣ ಬಳಿಯಲು ಹೊಳೆಯುವುದಿಲ್ಲ. 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಬ್ರಿಟಿಷ್ ವಿದ್ವಾಂಸ, ಸ್ವತಃ ಆಟಿಸಂ ಇರುವವನು, ಹೀಗೆ ವಾದಿಸಿದ: ನಮಗೆ ನೀವು ಅರ್ಥವಾಗುವುದಿಲ್ಲ ಎನ್ನುತ್ತೀರಿ, ನಿಮಗೆ ನಾವು ಅರ್ಥವಾಗಿದ್ದೇವೆಯೆ? ಕೊರತೆ ಎರಡೂ ಕಡೆ ಇದೆ. 2020ರಲ್ಲಿ ಎಡಿನ್‌ಬರೋದ ಕ್ಯಾಥರೀನ್ ಕ್ರಾಂಪ್ಟನ್ ತಂಡ ಇದನ್ನು ಕಿವಿಮಾತಿನ ಆಟದಂತೆ ಪರೀಕ್ಷಿಸಿತು. ಎಂಟೆಂಟು ಮಂದಿಯ ಸಾಲು ಮಾಡಿ ಒಂದು ಕಥೆ ದಾಟಿಸಿದರು. ಎಲ್ಲರೂ ಆಟಿಸಂ ಇರುವವರಾದ ಸಾಲಿನಲ್ಲಿ ಕಥೆ, ಆಟಿಸಂ ಇಲ್ಲದವರ ಸಾಲಿನಲ್ಲಿ ದಾಟಿದಷ್ಟೇ ಚೆನ್ನಾಗಿ ದಾಟಿತು. ಹೆಚ್ಚು ಸೋರಿದ್ದು ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ.

ಸರಕಾರದ ಕಾಗದ-ಪತ್ರದ ಕಥೆ ಬೇಗ ಮುಗಿಸುತ್ತೇನೆ. ಅದೂ ಹಳಿಯಿಂದಲೇ ಶುರು. 1874ರಲ್ಲಿ ನಿಜಾಮರ ಹಣದಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿತ್ತು. ಚಿತ್ತಾಪುರ, ಸೇಡಂ ಅದೇ ಹಳಿಯ ಮೇಲಿವೆ. ಅದೇ ಸಿಕಂದರಾಬಾದಿನಲ್ಲಿ 1984ರಲ್ಲಿ ಶುರುವಾದ, ಬುದ್ಧಿಬೆಳವಣಿಗೆಯ ತೊಡಕುಳ್ಳವರ ರಾಷ್ಟ್ರೀಯ ಸಂಸ್ಥೆ ಇದೆ. ನಮ್ಮ ಕಡೆಯವರಿಗೆ ಬೆಂಗಳೂರಿನ ನಿಮ್ಹಾನ್ಸ್‌ಗಿಂತ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಿಂತ ಇದು ಹತ್ತಿರ. ಆಟಿಸಂ ಅಳೆಯುವ ಭಾರತೀಯ ಮಾಪಕ ‘ಐಸಾ’ ತಯಾರಾದದ್ದು ಅಲ್ಲೇ. 40 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ, ಒಟ್ಟು 200. 70 ಬಂದರೆ ಆಟಿಸಂ ಇದೆಯೆಂದು, 153 ದಾಟಿದರೆ ತೀವ್ರವೆಂದು ಲೆಕ್ಕ. ಕೇಳಿದ್ದನ್ನೇ ತಿರುಗಿ ಹೇಳುತ್ತಾನೆಯೇ ಎಂಬುದೂ ಅದರಲ್ಲೊಂದು ಪ್ರಶ್ನೆ. ಮೈಕಿನ ಹೆಂಗಸಿನ ದನಿಗೆ ನಮಗೆ ಒಳ್ಳೆಯ ಅಂಕ ಬಂತು. ಹೆಚ್ಚು ಅಂಕ ಬಂತೆಂದು ಮುಖ ಸಪ್ಪಗೆ ಮಾಡಿಕೊಂಡ ಶಿಕ್ಷಕಿ ನಾನೊಬ್ಬಳೇ ಇರಬೇಕು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂಗೆ ಜಾಗವೇ ಇರಲಿಲ್ಲ. 2016ರ ಕಾಯ್ದೆ ಅದನ್ನು 21 ಅಂಗವೈಕಲ್ಯಗಳಲ್ಲಿ ಸೇರಿಸಿತು. ಅದರ ಮೇಲೆ ಯು.ಡಿ.ಐ.ಡಿ. ಎಂಬ ಅಂಗವೈಕಲ್ಯದ ಗುರುತಿನ ಕಾರ್ಡು, ಕಾರ್ಡಿನ ಮೇಲೆ ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ ಸಿಗುತ್ತದೆ. ಅಂಗನವಾಡಿ-ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದವರಿಗೆ ಬೆಳವಣಿಗೆಯ ತೊಡಕು ಗುರುತಿಸುವುದೂ ಕೆಲಸದ ಭಾಗ. ಅವರು ಬಂದ ದಿನ ಮಗುವನ್ನು ಒಳಕೋಣೆಯಲ್ಲಿ ಕೂಡಿಹಾಕಬೇಡಿ.

ಒಂದು ವರ್ಷವಾದರೂ ಮಗು ಹೆಸರಿಗೆ ತಿರುಗದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಹದಿನಾರು ತಿಂಗಳಿಗೆ ಒಂದು ಪದ, ಎರಡು ವರ್ಷಕ್ಕೆ ತನ್ನದೇ ಎರಡು ಪದಗಳ ಜೋಡಣೆ ಇಲ್ಲದಿದ್ದರೆ, ಬಂದ ಮಾತು ಹೊರಟುಹೋದರೆ, ಕಾಯಬೇಡಿ. ಬಜೆ ಹಚ್ಚುವುದಿದ್ದರೆ ಹಚ್ಚಿ, ಆದರೆ ಗಾಡಿಯಲ್ಲಿ ಕೂತು ಹಚ್ಚಿ.

ಮಗನಿಗೆ ಈಗ ಹನ್ನೊಂದು. ಮಾತು ಬಂದಿದೆ, ಹಾಸುಗಳು ತುಂಡಾಗಿವೆ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ, ಕೆಲವರಿಗೆ ಮಾತು ಬಾರದೆಯೂ ಇರುತ್ತದೆ. ಹಾಗಿದ್ದವರಿಗೆ ಚಿತ್ರ ತೋರಿಸಿ, ಬೆರಳಚ್ಚಿಸಿ ಹೇಳುವ ದಾರಿಗಳಿವೆ. ಹೋದ ಬೇಸಿಗೆಯ ಒಂದು ಸಂಜೆ ಅವನ ಮುಂದೆ ಹಾಲಿನ ಗ್ಲಾಸು ಇಟ್ಟೆ. ಅವನು ಒಂದು ಬೆರಳು ಗ್ಲಾಸಿನ ಕಂಠಕ್ಕೆ ತಾಗಿಸಿದ. ಉರುಳಿಸಲಿಲ್ಲ. ತುಸು ವಾಲಿಸಿ ಹಿಡಿದು, ತಲೆ ಎತ್ತಿ ನನ್ನ ಕಣ್ಣು ನೋಡಿ, ಆ ಹಳೆಯ ಹೆಣ್ಣು ದನಿಯಲ್ಲಿ “ನಿಮಗಾದ ಅನಾನುಕೂಲಕ್ಕೆ...” ಎಂದು ಅಲ್ಲಿಗೇ ನಿಲ್ಲಿಸಿ ಕಾದ. ಅಪರೂಪವೆಂದು ವಾಸುದೇವಿ ರೆಡ್ಡಿ ಬರೆದದ್ದು ಇದನ್ನೇ: ಇನ್ನೊಬ್ಬರನ್ನು ಛೇಡಿಸುವುದು, ಅವರ ಮುಖದಲ್ಲಿ ನಗು ಬರುತ್ತದೆಯೇ ಎಂದು ನೋಡುವುದು. ಮಾವನವರು ಪಡಸಾಲೆಯಲ್ಲೇ ಇದ್ದರು. ಈ ಸಲ ಅವರು ನಗಬೇಕೋ ಬಾರದೋ ಎಂದು ನನ್ನನ್ನು ಕೇಳಲಿಲ್ಲ.

ಸಂಜೆ ಅವನನ್ನು ಸ್ಟೇಷನ್ನಿಗೆ ಕರೆದೊಯ್ಯುವವರು ಅವರೇ. ಹಮಾಲರಿಗೆ, ಚಹಾದವನಿಗೆ ಹುಡುಗನ ಗುರುತಿದೆ. ಹಳಿಯತ್ತ ಒಂದು ಹೆಜ್ಜೆ ಹೆಚ್ಚು ಇಟ್ಟರೆ ಮೂರು ಕಡೆಯಿಂದ ಕೂಗು ಬರುತ್ತದೆ. ನೀವು ವಾಡಿಯಲ್ಲಿ ಗಾಡಿ ಬದಲಿಸುವಾಗ, ಎರಡೂ ಕಿವಿ ಮುಚ್ಚಿಕೊಂಡು ಮೈಕಿನ ಜೊತೆಗೆ ತಾನೂ ಹೇಳುತ್ತಿರುವ ಹುಡುಗನೊಬ್ಬ ಕಂಡರೆ ಬಿಸ್ಕೀಟು ಕೊಡಬೇಡಿ, ಪಾಪ ಎನ್ನಬೇಡಿ. ಬೆಂಚಿನ ಆ ತುದಿ ಬಿಟ್ಟು ತುಸು ಈಚೆ ಸರಿದು ಕೂಡ್ರಿ. ಅಲ್ಲಿಂದ ಸಿಗ್ನಲ್ಲು ಕಾಣುತ್ತದೆ.